ಏಳನೇ ಚೀಟಿಯ ಗೊಂಬೆ

ಏಳನೇ ಚೀಟಿ ಓದಿದ ಸಣ್ಣಿಗೆ ನಗು ತಡೆಯಲಾಗಲಿಲ್ಲ. ‘ವಯಸ್ಸು ಹದಿನೇಳು. ಉದ್ದ ಕೂದಲಿನ ಗೊಂಬೆ. ಬಾಚೋಕೆ ಆಗುವಂಥದ್ದು’ ಎಂದು ದುಂಡಗಿನ ಅಕ್ಷರಗಳಲ್ಲಿ ಬರೆದಿತ್ತು.

ಅವಳು ಲೈಬ್ರರಿಯ ಹಿಂದಿನ ಕೋಣೆಯಲ್ಲಿ ನೆಲದ ಮೇಲೆ ಕೂತಿದ್ದಳು. ಸುತ್ತ ರಟ್ಟಿನ ಡಬ್ಬಗಳು, ಬಣ್ಣದ ಕಾಗದ, ಟೇಪು. ಈ ಲೈಬ್ರರಿ ನೋಡಿಕೊಳ್ಳುವುದು ಸಣ್ಣಿಯ ಚಿಕ್ಕಮ್ಮ. ಮೂರು ವಾರದಿಂದ ಬಾಗಿಲ ಬಳಿ ಒಂದು ದೊಡ್ಡ ಡಬ್ಬ ಇಟ್ಟು ಆಟಿಕೆ ಕೂಡಿಸುತ್ತಿದ್ದರು. ಪೋಸ್ಟರ್ ಬರೆದವಳು ಸಣ್ಣಿ. ತರಗತಿ ತರಗತಿಗೆ ಹೋಗಿ ಕೇಳಿದವಳೂ ಅವಳೇ. ಹಾಗಾಗಿ ತಾನು ಅರ್ಧ ಮ್ಯಾನೇಜರ್ ಎಂದೇ ಅವಳ ಲೆಕ್ಕ.

ಆಟಿಕೆಗಳು ಹೋಗಬೇಕಾದದ್ದು ನೀರಿನ ಟ್ಯಾಂಕಿನ ಹಿಂದಿನ ಮನೆಗೆ. ಅಲ್ಲಿ ಒಂಬತ್ತು ಮಂದಿ ದೊಡ್ಡ ಮಕ್ಕಳಿದ್ದಾರೆ. ಅವರು ಟ್ರಾನ್ಸ್‌ಜೆಂಡರ್ ಮಕ್ಕಳು ಎಂದು ಚಿಕ್ಕಮ್ಮ ಮೊದಲೇ ಬಿಡಿಸಿ ಹೇಳಿದ್ದರು. ಹುಟ್ಟಿದಾಗ ಎಲ್ಲರೂ ಹುಡುಗ ಅಂದುಕೊಂಡಿರುತ್ತಾರೆ, ಆದರೆ ತಾನು ಹುಡುಗಿ ಎಂದು ಅವಳಿಗೆ ಒಳಗೇ ಗೊತ್ತಿರುತ್ತದೆ. ಕೆಲವರದ್ದು ಇದರ ತಿರುಗುಮುರುಗು. ಮನೆಯವರು ಒಪ್ಪದಿದ್ದಾಗ ಹೊರಗೆ ಬರಬೇಕಾಗುತ್ತದೆ. ರಜೆ ಬಂತೆಂದರೆ ಎಲ್ಲರೂ ಊರಿಗೆ ಹೊರಡುತ್ತಾರೆ, ಇವರು ಮಾತ್ರ ಅಲ್ಲೇ ಉಳಿಯುತ್ತಾರೆ. ಅದಕ್ಕೇ ಏನು ಬೇಕೋ ಬರೆದುಕೊಡಿ ಎಂದು ಕೇಳಿದ್ದರು. ಒಂಬತ್ತು ಚೀಟಿ ಬಂದಿದ್ದವು.

ಹದಿನೇಳು ವರ್ಷದವರಿಗೆ ಗೊಂಬೆ ಯಾಕೆ? ಸಣ್ಣಿಯೇ ಗೊಂಬೆ ಬಿಟ್ಟು ಎರಡು ವರ್ಷವಾಗಿತ್ತು. ಬರೆಯುವಾಗ ಏನೋ ತಪ್ಪಾಗಿರಬೇಕು. ಜೊತೆಗೆ, ಬಂದ ಆಟಿಕೆಗಳಲ್ಲಿ ಉದ್ದ ಕೂದಲಿನ ಗೊಂಬೆ ಇದ್ದದ್ದು ಒಂದೇ. ಅದರ ತಲೆಯೋ, ಪಾತ್ರೆ ತಿಕ್ಕುವ ನಾರಿನ ಹಾಗೆ ಗಂಟುಗಂಟು. ಅದನ್ನು ಕೊಟ್ಟರೆ ಮರ್ಯಾದೆ ಹೋಗುತ್ತದೆ ಅನ್ನಿಸಿತು.

ಚಿಕ್ಕಮ್ಮ ಫೋನಿನಲ್ಲಿದ್ದರು. ಸಣ್ಣಿ ಕವರ್ ಕೂಡ ಬಿಚ್ಚದ ಹೊಸ ಚೆಸ್ ಸೆಟ್ ತೆಗೆದು, ಚೆಂದದ ಕಾಗದ ಸುತ್ತಿ, ಮೇಲೆ ಏಳು ಎಂದು ಬರೆದಳು. ಗೊಂಬೆ ‘ಬೇಡದ್ದು’ ಎಂದು ಬರೆದ ಡಬ್ಬಕ್ಕೆ ಹೋಯಿತು.

ಶನಿವಾರ ಬೆಳಿಗ್ಗೆ ಡ್ರೈವರ್ ತಾತನ ವ್ಯಾನಿನಲ್ಲಿ ಹೊರಟರು. ಮೂವತ್ತು ವರ್ಷ ಬಸ್ ಓಡಿಸಿದ ತಾತ ಈಗಲೂ ಪ್ರತಿ ಬಸ್ ಸ್ಟಾಪಿನಲ್ಲಿ ವ್ಯಾನ್ ನಿಧಾನ ಮಾಡುತ್ತಿದ್ದರು.

ಆ ಮನೆಯ ಹಾಲಿನಲ್ಲಿ ಗಲಾಟೆಯೋ ಗಲಾಟೆ. ಒಬ್ಬನಿಗೆ ರಿಮೋಟ್ ಕಾರು, ಇನ್ನೊಬ್ಬಳಿಗೆ ಗಿಟಾರ್. ಏಳನೇ ಪೊಟ್ಟಣ ತೆಗೆದುಕೊಂಡವಳು ಎತ್ತರದ ಒಬ್ಬ ಅಕ್ಕ, ಹಳದಿ ಸ್ವೆಟರ್ ಹಾಕಿದ್ದಳು. ಅವಳು ಕಾಗದ ಹರಿಯಲಿಲ್ಲ. ಉಗುರಿನಿಂದ ಟೇಪು ಮೆಲ್ಲಗೆ ಎಬ್ಬಿಸಿದಳು. ಚೆಸ್ ಸೆಟ್ ನೋಡಿದಳು. ಕೆಳಗೆ ಇನ್ನೇನಾದರೂ ಇದೆಯೇ ಎಂಬಂತೆ ಡಬ್ಬ ಎತ್ತಿಯೂ ನೋಡಿದಳು.

“ಚೆನ್ನಾಗಿದೆ, ಥ್ಯಾಂಕ್ಸ್ ಆಂಟಿ” ಎಂದು ಚಿಕ್ಕಮ್ಮನಿಗೆ ಹೇಳಿ, ಕಾಗದವನ್ನು ನಾಲ್ಕು ಮಡಿಕೆ ಮಾಡಿ ಪಕ್ಕಕ್ಕಿಟ್ಟಳು.

ಸಣ್ಣಿ ಆ ಮಡಿಕೆಗಳನ್ನೇ ನೋಡಿದಳು. ಚಿಕ್ಕಮ್ಮನ ಕೈ ಹಿಡಿದು ಮೆಟ್ಟಿಲ ಬಳಿ ಎಳೆದೊಯ್ದು ಎಲ್ಲ ಹೇಳಿಬಿಟ್ಟಳು. ಚಿಕ್ಕಮ್ಮ ಬೈಯಲಿಲ್ಲ.

“ಚೀಟೀಲಿ ಏನಿತ್ತು?” ಎಂದು ಕೇಳಿದರು.

“ಗೊಂಬೆ ಅಂತ.”

“ಮತ್ತೆ?”

ಸಣ್ಣಿ ಹೋಗಿ ವ್ಯಾನ್ ಹತ್ತಿದಳು.

ತಾತ ಲೈಬ್ರರಿ ಕಡೆಗೆ ವ್ಯಾನ್ ತಿರುಗಿಸಿದರು. ಈ ಸಲ ಒಂದು ಸ್ಟಾಪಿನಲ್ಲೂ ನಿಧಾನ ಮಾಡಲಿಲ್ಲ. ಲೈಬ್ರರಿ ತಲುಪಿದಾಗ ‘ಬೇಡದ್ದು’ ಡಬ್ಬ ಆಗಲೇ ಗೇಟಿನ ಹೊರಗಿತ್ತು. ಗುಜರಿಯವನು ಅದನ್ನು ತನ್ನ ಗಾಡಿಗೆ ಎತ್ತುತ್ತಿದ್ದ. ಸಣ್ಣಿ ಓಡಿದಳು. ಡಬ್ಬದಲ್ಲಿ ಮುರಿದ ಸೈಕಲ್ ಚಕ್ರದ ಕೆಳಗೆ ಗೊಂಬೆ ಬೋರಲಾಗಿ ಬಿದ್ದಿತ್ತು. ವಾಪಸ್ ಬರುವ ದಾರಿಯುದ್ದಕ್ಕೂ ಅದನ್ನು ತೊಡೆಯ ಮೇಲಿಟ್ಟುಕೊಂಡು ಬೆರಳಿನಲ್ಲಿ ಬಾಚಲು ನೋಡಿದಳು. ಗಂಟು ಇನ್ನೂ ಬಿಗಿಯಾಯಿತು.

ಎತ್ತರದ ಅಕ್ಕ ಬಾಗಿಲಲ್ಲೇ ಸಿಕ್ಕಳು.

“ಅಕ್ಕ, ಇದು ನಿಮ್ಮದು. ನಾನೇ ಹಾಕಲಿಲ್ಲ. ನೀವು ತಪ್ಪು ಬರೆದಿದ್ದೀರಿ ಅಂದ್ಕೊಂಡೆ” ಎಂದಳು ಸಣ್ಣಿ. ಆಮೇಲೆ ಸಣ್ಣ ದನಿಯಲ್ಲಿ, “ಕೂದಲು ತುಂಬಾ ಗಂಟಾಗಿದೆ. ಸಾರಿ” ಎಂದಳು.

ಅಕ್ಕ ಗೊಂಬೆಯನ್ನು ಎರಡೂ ಕೈಯಲ್ಲಿ ತೆಗೆದುಕೊಂಡಳು. ಆಮೇಲೆ ಅಲ್ಲೇ, ಕಿಟಕಿಯ ಬಿಸಿಲು ಬಿದ್ದಲ್ಲಿ, ನೆಲದ ಮೇಲೆ ಕೂತಳು.

ಒಂದು ಬಟ್ಟಲು ನೀರು, ಹಲ್ಲು ದೂರ ದೂರ ಇರುವ ಒಂದು ಬಾಚಣಿಗೆ. ಅಷ್ಟೇ. ಅವಳು ಬುಡದಿಂದ ಎಳೆಯಲಿಲ್ಲ, ತುದಿಯಿಂದ ಶುರು ಮಾಡಿದಳು. ಒಂದು ಗಂಟನ್ನು ಎರಡು ಮಾಡಿದಳು, ಎರಡನ್ನು ನಾಲ್ಕು ಎಳೆ ಮಾಡಿದಳು. ಒಂದು ಕೂದಲೂ ಕೀಳಲಿಲ್ಲ. ನಾರಿನಂತಿದ್ದದ್ದು ಇಷ್ಟಿಷ್ಟೇ ಹೊಳೆಯತೊಡಗಿತು. ಕೆಂಪು ಬಣ್ಣದ ಕೂದಲು ಅದು! ಇಲ್ಲಿಯವರೆಗೆ ಕೊಳೆಯಲ್ಲಿ ಕಂಡೇ ಇರಲಿಲ್ಲ.

ಗಿಟಾರ್ ನಿಂತಿತು. ರಿಮೋಟ್ ಕಾರು ಗೋಡೆಗೆ ಮೂಗು ಹಚ್ಚಿ ಸುಮ್ಮನಾಯಿತು. ಒಬ್ಬೊಬ್ಬರೇ ಬಂದು ಸುತ್ತ ಕೂತರು. ಅಕ್ಕನ ಬೆರಳುಗಳು ಈಗ ಜಡೆ ಹೆಣೆಯುತ್ತಿದ್ದವು. ಮೂರು ಎಳೆಯದ್ದಲ್ಲ, ಐದು ಎಳೆಯದ್ದು. ಯಾವ ಎಳೆ ಎತ್ತ ಹೋಗುತ್ತಿದೆ ಎಂದು ಸಣ್ಣಿ ಕಣ್ಣು ಮಿಟುಕಿಸದೆ ನೋಡಿದರೂ ತಿಳಿಯಲಿಲ್ಲ. ಹೊಳೆಯ ನೀರು ಕಲ್ಲುಗಳ ನಡುವೆ ತಾನೇ ದಾರಿ ಮಾಡಿಕೊಂಡ ಹಾಗಿತ್ತು.

“ಅಕ್ಕ, ಚಿಕ್ಕವರಿದ್ದಾಗ ನಿಮ್ಮ ಹತ್ತಿರ ತುಂಬಾ ಗೊಂಬೆ ಇದ್ವಾ?”

“ಒಂದೂ ಇರಲಿಲ್ಲ.”

“ಮತ್ತೆ ಇದೆಲ್ಲ ಹೇಗೆ ಬರುತ್ತೆ?”

“ಟವೆಲ್ ಅಂಚಿನಲ್ಲಿ ದಾರ ಇರುತ್ತಲ್ಲ, ಅದರಲ್ಲಿ ಕಲಿತೆ. ಬಾತ್‌ರೂಮ್ ಬಾಗಿಲು ಹಾಕ್ಕೊಂಡು. ಹೊರಗೆ ಬರೋಕೆ ಮುಂಚೆ ಎಲ್ಲಾ ಬಿಚ್ಚಿಬಿಡ್ತಿದ್ದೆ.”

ಅವಳು ಹೇಳಿದ್ದು ಇಷ್ಟೇ. ಬಾಗಿಲು ಹಾಕಿದ ಬಾತ್‌ರೂಮಿನಲ್ಲಿ, ಗೇಣುದ್ದವೂ ಇಲ್ಲದ ದಾರಗಳಲ್ಲಿ, ಹೆಣೆದು ಹೆಣೆದು ಬಿಚ್ಚಿದ ಆ ಎಲ್ಲ ಜಡೆಗಳು ಸಣ್ಣಿಯ ಕಣ್ಣಿಗೆ ಕಟ್ಟಿದವು.

ಜಡೆ ಮುಗಿಯಿತು. ಅಕ್ಕ ಸ್ವೆಟರಿನಿಂದ ಎದ್ದ ಒಂದು ಹಳದಿ ಎಳೆ ಕಿತ್ತು ತುದಿಗೆ ಕಟ್ಟಿ, ಗೊಂಬೆಯನ್ನು ಬಿಸಿಲಿಗೆ ಎತ್ತಿ ಹಿಡಿದಳು.

“ಏನು ಹೆಸರು ಇಡ್ತೀರಿ?” ಸಣ್ಣಿ ಪಿಸುಗುಟ್ಟಿದಳು. ಅವಳ ನಾಲಿಗೆಯ ತುದಿಯಲ್ಲಿ ಆಗಲೇ ನಾಲ್ಕಾರು ಒಳ್ಳೆಯ ಹೆಸರುಗಳು ಸಾಲುಗಟ್ಟಿ ನಿಂತಿದ್ದವು.

“ನಾನು ಇಡಲ್ಲ” ಎಂದಳು ಅಕ್ಕ. “ನನಗೆ ಬೇರೆಯವರು ಇಟ್ಟ ಹೆಸರು ನನ್ನದಾಗಿರಲಿಲ್ಲ. ಇವಳ ಹೆಸರು ಇವಳಿಗೇ ಗೊತ್ತಿರುತ್ತೆ. ಹೇಳೋವರೆಗೂ ಕಾಯೋಣ.”

ಹೊರಗೆ ವ್ಯಾನಿನ ಹಾರ್ನ್ ಎರಡು ಸಲ ಕೇಳಿಸಿತು. ಸಣ್ಣಿ ಏಳಲಿಲ್ಲ. ನಾಲ್ಕಾರು ಹೆಸರುಗಳನ್ನೂ ನುಂಗಿಕೊಂಡು, ಗೊಂಬೆಯ ಮುಖ ನೋಡುತ್ತಾ ಕಾದಳು.