ದಾರಕ್ಕೆ ಕಟ್ಟಿದ ಬೀಗ

2024ರ ಸೆಪ್ಟೆಂಬರ್ 14, ಶನಿವಾರ, ಸಂಜೆ 4 ಗಂಟೆ 10 ನಿಮಿಷ.

ಬರ್ ದುಬೈಯ ಒಂದು ಟ್ಯೂಷನ್ ಸೆಂಟರಿನ ಬಾಗಿಲು ತಳ್ಳಿಕೊಂಡು ಬಂದವಳೇ ಗಾನವಿ ಕೇಳಿದಳು:

"ಸುಮಂತ್ ಅಂದ್ರೆ ನೀವೇನಾ?"

ಕ್ಯಾಮೆರಾ ಜೋಡಿಸುತ್ತಿದ್ದ ಯುವಕ ತಿರುಗಿದ. "ಹೌದು. ಕೂತ್ಕೊಳ್ಳಿ ಮಾರಾಯ್ರೆ, ಎಂತ ಸೆಕೆ..."

"ಕೂರೋಕೆ ಬಂದಿಲ್ಲ. ನನ್ನ ಪಾಠಾನ ನಾಲ್ಕು ಸಲ ವಾಪಸ್ ಕಳಿಸಿದ ಮಹಾನುಭಾವರ ಮುಖ ನೋಡ್ಕೊಂಡು ಹೋಗೋಣ ಅಂತ ಬಂದೆ!"

ಇಬ್ಬರೂ ಮುಖಾಮುಖಿಯಾದದ್ದು ಇದೇ ಮೊದಲು. ಕಾಲೇಜಿಗೆ ಹೋಗಲಾಗದವರಿಗೆ ಪದವಿ ವಿಜ್ಞಾನವನ್ನು ಕನ್ನಡದಲ್ಲಿ, ಆನ್‌ಲೈನಿನಲ್ಲಿ, ಉಚಿತವಾಗಿ ಕಲಿಸಲು ಹೊರಟ ಬಳಗದ ಸ್ವಯಂಸೇವಕರು ಅವರು. ಅಲ್ ಬರ್ಷಾದಲ್ಲಿ ಆಫೀಸು ಮುಗಿಸಿ ಅವಳು ಪಾಠ ಬರೆಯುವಳು. ಅಬುಧಾಬಿಯ ಖಾಲಿದಿಯಾದಲ್ಲಿ ಕೂತು ಅವನು ತಿದ್ದುವನು.

ಲೋಲಕದ ಪಾಠ ಇಂದು ಆರು ಗಂಟೆಯೊಳಗೆ ರೆಕಾರ್ಡ್ ಆಗದಿದ್ದರೆ ಕೋರ್ಸಿನಿಂದಲೇ ಹೊರಗೆ. ಲ್ಯಾಬನ್ನೇ ಕಾಣದವರೂ ಮನೆಯಲ್ಲಿ ಮಾಡಬಹುದಾದ ಒಂದೇ ಪ್ರಯೋಗ ಅದು. ಎರಡು ತಿಂಗಳ ಶನಿವಾರದ ರಜೆಗಳನ್ನೆಲ್ಲ ಅವಳು ಅದಕ್ಕೇ ಸುರಿದಿದ್ದಳು.

ಸದ್ದಾಗುತ್ತದೆಂದು ಎಸಿ ಆರಿಸಿದ್ದರು. ಸೆಕೆಗೂ ಸಿಟ್ಟಿಗೂ ಅವಳ ಮುಖ ಕೆಂಪಾಗಿತ್ತು.

"ತಪ್ಪೇನಿದೆ ಹೇಳಿ! ಗುರುತ್ವ ವೇಗೋತ್ಕರ್ಷ 9.8 ಅಂತ ಪುಸ್ತಕದಲ್ಲೇ ಇದೆಯಲ್ಲ?"

"ಅದೇ ತಪ್ಪು. ಹತ್ತು ರೀಡಿಂಗಿಗೂ 9.8 ಬಂದುಂಟು. ಕೈಯಲ್ಲಿ ಅಳೆದ್ರೆ ಹಾಗೆ ಬರ್ಲಿಕ್ಕಿಲ್ಲ. ಉತ್ತರ ಇಟ್ಕೊಂಡು ಹಿಂದಿನಿಂದ ಲೆಕ್ಕ ಮಾಡಿದ್ದಲ್ವಾ?"

ಗಾನವಿಯ ಕಿವಿ ಬಿಸಿಯಾಯಿತು. 'ಸಿಕ್ಕಿಬಿದ್ದೆ!'

"ಅಳೆದಿದ್ದೆ... ಉತ್ತರ ಸರಿ ಬರ್ಲಿಲ್ಲ. ನಮ್ಮ ಕಾಲೇಜಲ್ಲಿ ಹಾಗಾದ್ರೆ ಲ್ಯಾಬ್ ರೆಕಾರ್ಡ್ ಪುಸ್ತಕಕ್ಕೆ ಸಹಿನೇ ಹಾಕ್ತಿರ್ಲಿಲ್ಲ. ಎಲ್ರೂ ಹಿಂದಿನಿಂದಲೇ ಬರೀತಿದ್ವಿ. ನೀವು ಬರೆದಿಲ್ವಾ?"

"ಮೂರು ವರ್ಷವೂ! ಅದಕ್ಕೇ ನೋಡಿದ ಕೂಡ್ಲೇ ಗೊತ್ತಾದದ್ದು."

ನಗು ಬಂತು. ತುಟಿ ಕಚ್ಚಿ ತಡೆದಳು. "ಮತ್ತೆ ಮೊದಲ್ನೇ ಸಲಾನೇ ಹೇಳ್ಬಾರ್ದಿತ್ತಾ? ಒಂದ್ಸಲ ಅಲ್ಪವಿರಾಮ, ಇನ್ನೊಂದ್ಸಲ ಚಿತ್ರದ ಬಣ್ಣ... ಏನ್ರೀ ಅದು?"

ಅವನು ನೆಲ ನೋಡಿದ.

"ಹೇಳಿದ್ರೆ ನೀವು ತಿದ್ದಿ ಕಳಿಸಿ ಖಲಾಸ್. ವಾಪಸ್ ಕಳಿಸಿದಾಗೆಲ್ಲ ಉದ್ದಕ್ಕೆ ಬೈದು ಬರೀತಿದ್ರಿ... ಅದನ್ನು ಓದ್ಲಿಕ್ಕೆ ನಾನು ಶನಿವಾರಕ್ಕೆ ಕಾಯ್ತಿದ್ದೆ."

"ನನ್ನ ರಜೆಯೆಲ್ಲ ಹಾಳುಮಾಡಿ... ಇದಕ್ಕಾ?" ಅವಳ ಕಣ್ಣು ತುಂಬಿತು. "ನೇರವಾಗಿ ಹೇಳೋಕೇನಾಗಿತ್ತು?"

"ಹೆದರಿಕೆ. ನಿಮ್ಮ ಉತ್ತರ ಬೇರೆ ಬಂದ್ರೆ ಎಂತ ಮಾಡುದು?"

"ಓಹೋ! ಉತ್ತರ ಮೊದ್ಲೇ ಗೊತ್ತಿರ್ಬೇಕು ಅನ್ನೋರು ನೀವೂನೂ!"

ಅವಳು ಬಾಗಿಲಿನವರೆಗೆ ನಡೆದಳು. ಚಿಲಕದಲ್ಲಿ ತೂಗುತ್ತಿದ್ದ ಬೀಗ ಕಣ್ಣಿಗೆ ಬಿತ್ತು. ಪಾಠ ಇವನದ್ದಲ್ಲ, ತನ್ನದು... ಬೀಗ ತೆಗೆದುಕೊಂಡು ತಿರುಗಿದಳು.

"ದಾರ ಇದೆಯಾ? ಕ್ಯಾಮೆರಾ ಹಾಕಿ. ಯಲ್ಲಾ, ಬೇಗ!"

ಪರದೆಯ ಸರಳಿಗೆ ದಾರ ಕಟ್ಟಿದರು. ಬೀಗ ತೂಗಿತು. ಅವಳು ಎಣಿಸಿದಳು, ಅವನು ಸ್ಟಾಪ್‌ವಾಚ್ ಹಿಡಿದ. ಲೆಕ್ಕ ಮುಗಿದಾಗ ಅವಳ ಚಾಕ್‌ಪೀಸ್ ಬೋರ್ಡಿನ ಮುಂದೆ ತಡೆಯಿತು.

"ಸರಿ ಬರ್ಲಿಲ್ಲ..."

"ಬಂದದ್ದನ್ನೇ ಬರೀರಿ. ನಾನು ಸಹಿ ಹಾಕ್ತೇನೆ."

ಅವಳ ಎದೆಯಲ್ಲಿ ಯಾವುದೋ ಹಳೆಯ ಗಂಟು ಸಡಿಲವಾಯಿತು.

"ಇನ್ನೂ ಅಲ್ಪವಿರಾಮಕ್ಕೆ ವಾಪಸ್ ಕಳಿಸ್ತೀರಾ?"

"ಇಲ್ಲ. ಶನಿವಾರ ನಾನೇ ಬರ್ತೇನೆ... ಬರ್ಬಹುದಾ?"

"ಬನ್ನಿ. ಇಲ್ಲೇ ಕ್ರೀಕ್ ದಾಟೋ ದೋಣೀಲಿ ಕೂರಿಸ್ಕೊಂಡು ಎದುರಿಗೇ ಬೈತೀನಿ."

ಅವನು ಜೋರಾಗಿ ನಕ್ಕ. ಅವಳು ಬೋರ್ಡಿಗೆ ತಿರುಗಿ ಬರೆದಳು: ದಾರ 1 ಮೀಟರ್, ಇಪ್ಪತ್ತು ತೂಗಾಟಕ್ಕೆ 40.4 ಸೆಕೆಂಡು, ಉತ್ತರ 9.68.