ಶಿವನಿ ಗೇಟಿನಲ್ಲಿ ಹಿಡಿಯದ ಬ್ರೇಕು

೧೯೮೪ರ ಮಾರ್ಚ್ ಹನ್ನೆರಡು, ಸೋಮವಾರ ಬೆಳಗ್ಗೆ ಹತ್ತೂವರೆಗೆ ಶಿವನಿಯ ಈರಣ್ಣ ಅಜ್ಜಂಪುರ ಠಾಣೆಗೆ ಬಂದು ದೂರು ಕೊಟ್ಟ. ರೈಲ್ವೆ ಗೇಟಿನ ಬಳಿ ಸೊಪ್ಪು ಮಾರುತ್ತಿದ್ದ ಅವನ ತಾಯಿ ಕೆಂಚಮ್ಮನಿಗೆ ಕಾರು ಗುದ್ದಿ ತೊಡೆಯ ಮೂಳೆ ಮುರಿದಿತ್ತು. ಓಡಿಸುತ್ತಿದ್ದವರು ಕಡೂರಿನ ವಿಶಾಲಾಕ್ಷಮ್ಮ. ಗಂಡ ತೀರಿಕೊಂಡ ಮೇಲೆ ಅವರ ಹಳೆಯ ಫಾರಿನ್ ಕಾರನ್ನು ತಾವೇ ಓಡಿಸಲು ಕಲಿತು, ಶಿವನಿಯ ತೆಂಗಿನ ತೋಟಕ್ಕೆ ಒಬ್ಬರೇ ಬಂದು ಹೋಗುತ್ತಿದ್ದ ಹೆಂಗಸು.

ಸಬ್‌ಇನ್‌ಸ್ಪೆಕ್ಟರ್ ಕರಿಸಿದ್ದಪ್ಪ ಎಫ್‌ಐಆರ್ ದಾಖಲಿಸಿ, ಈರಣ್ಣನನ್ನು ಜೀಪಿಗೆ ಹತ್ತಿಸಿಕೊಂಡು ಹೋದಾಗ ಜನ ಕಾರನ್ನು ಸುತ್ತುವರಿದಿದ್ದರು. ಗಾಜಿಗೆ ಯಾರೋ ಸಗಣಿ ಎರಚಿದ್ದರು.

"ಹೆಂಗಸ್ರಿಗೆ ಯಾಕ್ರೀ ಸ್ಟೇರಿಂಗು? ಒಳಗ್ ಹಾಕಿ ಸಾರ್!" ಎಂದು ಈರಣ್ಣ ಕೂಗಿದ.

ಕರಿಸಿದ್ದಪ್ಪನ ಮನಸ್ಸಿನಲ್ಲೂ ಇದ್ದದ್ದು ಅದೇ. ಕಾರಿನ ಪಕ್ಕ ನಿಂತಿದ್ದ ವಿಶಾಲಾಕ್ಷಮ್ಮನ ಕಡೆ ತಿರುಗಿದ.

"ಬ್ರೇಕ್ ತುಳಿದ್ರಾ?"

"ತುಳಿದೆ. ಪೆಡಲ್ ತಳಕ್ಕೆ ಹೋಯ್ತು. ಎರಡ್ನೇ ಸಲಕ್ಕೆ ಹಿಡೀತು, ಅಷ್ಟರಲ್ಲಿ ಆಗೋದು ಆಗ್ಬಿಟ್ಟಿತ್ತು."

"ಗುದ್ದಿದೋರೆಲ್ಲ ಹೇಳೋದು ಇದೇ ಕಣಮ್ಮ."

ವಿಶಾಲಾಕ್ಷಮ್ಮ ಸೆರಗು ಬಿಗಿದುಕೊಂಡರು. "ಮೂರ್ನಾಲ್ಕು ದಿನದಿಂದ ಕಾಲಡಿ ಪೆಡಲ್ ಅದುರ್ತಿತ್ತು. ಹಳೇ ಕಾರಲ್ವಾ ಅಂದ್ಕೊಂಡೆ. ಬಿಚ್ಚಿಸಿ ನೋಡಿ. ನೋಡ್ದೆ ಸುಳ್ಳಿ ಅನ್ಬೇಡಿ."

ಸ್ಥಳ ಪಂಚನಾಮೆ ಮುಗಿಸಿ ಕಾರನ್ನು ಠಾಣೆಯ ಅಂಗಳಕ್ಕೆ ಎಳೆಸಿದರು. ಸಂಜೆ ಆಕೆಯ ಮೈದುನ ಪಂಚಾಕ್ಷರಪ್ಪ ಕಡೂರಿನಿಂದ ಬಂದ. ಅಲ್ಲಿ ಹಿಟ್ಟಿನ ಗಿರಣಿ ನಡೆಸುತ್ತಿದ್ದವನು.

"ಬೇಡ ಅತ್ತಿಗೆ ಅಂತ ಬಡ್ಕೊಂಡೆ ಸಾರ್. ಕೇಳಿದ್ರೆ ತಾನೇ?"

ಅತ್ತಿಗೆ ಅವನ ಕಡೆ ತಿರುಗಿಯೂ ನೋಡಲಿಲ್ಲ.

ಬುಧವಾರ ಚಿಕ್ಕಮಗಳೂರಿನಿಂದ ವಾಹನ ತಪಾಸಣೆಗೆ ಬ್ರೇಕ್ ಇನ್‌ಸ್ಪೆಕ್ಟರ್ ತಮ್ಮಯ್ಯ ಬಂದರು. ಬ್ರೇಕಿನ ಎಣ್ಣೆ ಭರ್ತಿಯಾಗಿತ್ತು, ಪೈಪು ಎಲ್ಲೂ ಸೋರುತ್ತಿರಲಿಲ್ಲ, ಚಕ್ರದ ಬೇರಿಂಗು ಬಿಗಿಯಾಗಿತ್ತು.

"ಮತ್ತೆ ಆಯಮ್ಮಂದೇ ತಪ್ಪು ಅಂತ ಬರೀಲಾ?" ಕರಿಸಿದ್ದಪ್ಪ ಪೆನ್ನು ತೆಗೆದ.

"ಆತುರ ಬೇಡ ಕಣ್ರೀ."

ಎಡಗಡೆಯ ಮುಂಚಕ್ರ ಕಳಚಿದರು. ಒಳಗೆ ಚಕ್ರದ ಜೊತೆ ತಿರುಗುವ ಉಕ್ಕಿನ ತಟ್ಟೆ. ಅದನ್ನು ಎರಡು ಕಡೆಯಿಂದ ಕಚ್ಚಿ ಹಿಡಿಯುವ ಪ್ಯಾಡುಗಳು. ತಮ್ಮಯ್ಯ ಅಲುಗಾಟ ಅಳೆಯುವ ಡಯಲ್ ಗೇಜಿನ ಮೊನೆಯನ್ನು ತಟ್ಟೆಗೆ ತಾಗಿಸಿ ಕೈಯಲ್ಲಿ ನಿಧಾನ ತಿರುಗಿಸಿದರು. ಪ್ರತಿ ಸುತ್ತಿಗೂ ಮುಳ್ಳು ಸರಿದು ವಾಪಸಾಯಿತು.

"ತಟ್ಟೆ ವಾಲಾಡ್ತಿದೆ. ವಾಲಾಡೋ ತಟ್ಟೆ ಪ್ಯಾಡನ್ನ ಹಿಂದಕ್ಕೆ ತಳ್ಳುತ್ತೆ. ಆಗ ಮೊದ್ಲು ತುಳಿದಾಗ ಪೆಡಲ್ ಸುಮ್ನೆ ಇಳೀತದೆ. ಆಕೆ ಹೇಳಿದ್ದು ನಿಜ."

"ತಟ್ಟೆ ಬಗ್ಗಿದೆಯಾ?"

ತಟ್ಟೆ ಬಿಚ್ಚಿ ಗಾಜಿನ ಹಲಗೆಯ ಮೇಲಿಟ್ಟರೆ ಸಪಾಟಾಗಿ ಕೂತಿತು. ಅದನ್ನು ಕೂರಿಸುವ, ಚಕ್ರದ ನಡುವಿನ ಗುಂಬಕ್ಕೆ ಗೇಜು ಹಿಡಿದರೆ ಮುಳ್ಳು ಅಲುಗಲಿಲ್ಲ. ಎರಡೂ ನೆಟ್ಟಗಿದ್ದವು. ಕರಿಸಿದ್ದಪ್ಪ ತಟ್ಟೆಯನ್ನು ಮಗುಚಿದ. ಹಿಂಬದಿಯ ಗ್ರೀಸಿನಲ್ಲಿ ಉಗುರಿನಷ್ಟು ಹಿತ್ತಾಳೆ ತಗಡು ಅಂಟಿತ್ತು.

"ಇದು ಕಾರಿಂದಲ್ಲ," ಎಂದರು ತಮ್ಮಯ್ಯ. "ಬೋಲ್ಟಿನ ಮೇಲೆ ಸ್ಪ್ಯಾನರ್ ಗಾಯ ಹೊಸದು. ಯಾರೋ ಗುಂಬಕ್ಕೂ ತಟ್ಟೆಗೂ ನಡುವೆ ಬೇಕಂತ್ಲೇ ಇಟ್ಟಿದಾರೆ, ಅದಕ್ಕೇ ತಟ್ಟೆ ವಾರೆ ಕೂತಿತ್ತು."

ಕರಿಸಿದ್ದಪ್ಪ ವಿಶಾಲಾಕ್ಷಮ್ಮನನ್ನು ಕರೆಸಿದ.

"ಕಾರು ಎಲ್ಲಿ ನಿಲ್ಲಿಸ್ತೀರಿ?"

"ಮೈದುನನ ಗಿರಣಿ ಶೆಡ್ಡಲ್ಲಿ." ಅಷ್ಟು ಹೇಳುತ್ತಿದ್ದಂತೆ ಆಕೆಯ ಮುಖ ಕಲ್ಲಾಯಿತು. "ಹೋಗಿ ನೋಡಿ."

ಗಿರಣಿಯಲ್ಲಿ ಎಂಜಿನ್ ಬೇರಿಂಗಿಗೆ ಪ್ಯಾಕಿಂಗ್ ಕೊಡುವ ಹಿತ್ತಾಳೆ ಹಾಳೆ ಸಿಕ್ಕಿತು. ಒಂದು ಮೂಲೆಯನ್ನು ಕತ್ತರಿಸಲಾಗಿತ್ತು. ಪಂಚರ ಎದುರು ಕಾರಿನಲ್ಲಿ ಸಿಕ್ಕ ತುಣುಕನ್ನು ಆ ಜಾಗಕ್ಕೆ ಇಟ್ಟರೆ ಅಂಚಿಗೆ ಅಂಚು ಕೂಡಿತು. ಎರಡನ್ನೂ ವಶಪಡಿಸಿಕೊಂಡು ಪಂಚನಾಮೆಗೆ ರುಜು ಹಾಕಿಸಿ, ಪಂಚಾಕ್ಷರಪ್ಪನನ್ನು ಠಾಣೆಗೆ ತಂದರು.

"ಕೊಲ್ಲಬೇಕು ಅಂತಿದ್ಯಾ?"

"ಅಯ್ಯೋ ಇಲ್ಲ ಸ್ವಾಮಿ. ಬರೀ ಅದುರ್ತದೆ ಅಂದ್ಕೊಂಡೆ. ಹೆದ್ರಿ ಓಡಿಸೋದು ಬಿಡ್ಲಿ ಅಂತ."

"ಆಸ್ತಿಗಾ?"

"ಅಲ್ಲ. ಅಣ್ಣ ನಂಗೂ ಕಲಿಸೋಕೆ ಕೂರಿಸಿದ್ದ. ಕಾಲು ನಡುಗಿಬಿಡ್ತು. ಎಷ್ಟ್ ಸಲ ಕೂತ್ರೂ ಅದೇ. ಯಾರಿಗೂ ಹೇಳ್ಬೇಡ ಅಂದಿದ್ದೆ, ಹೇಳ್ಳಿಲ್ಲ. ಅವನು ಹೋದ್ಮೇಲೆ ಇವ್ರು ಒಂದ್ ವಾರದಲ್ಲಿ ಕಲಿತ್ಬಿಟ್ರು. ತರೀಕೆರೆ ಮದುವೇಲಿ ಇವ್ರ ಪಕ್ಕ ಕೂತು ಇಳಿದೆ. ಏನಪ್ಪಾ, ಅತ್ತಿಗೆ ಡ್ರೈವರ್ರಾ ಅಂತ ಎಲ್ರೂ ನಕ್ರು."

"ಕಾರಿನ ಬೀಗದ ಕೈ ನಿಂಗೆ ಕೊಟ್ಟಿದ್ರೆ ಏನ್ ಮಾಡ್ತಿದ್ದೆ?"

"ನಿಲ್ಸಿಬಿಡ್ತಿದ್ದೆ ಸ್ವಾಮಿ. ಯಾರೂ ಓಡಿಸ್ದಂಗೆ."

ಕರಿಸಿದ್ದಪ್ಪ ಹೇಳಿಕೆಯಲ್ಲಿ ಅದನ್ನೂ ಬರೆದುಕೊಂಡು, ಬಂಧಿಸಿದ ಹೊತ್ತು ನಮೂದಿಸಿದ. ಹೊರಗೆ ಬೆಂಚಿನ ಮೇಲಿದ್ದ ವಿಶಾಲಾಕ್ಷಮ್ಮ ಎಲ್ಲವನ್ನೂ ಕೇಳಿಸಿಕೊಂಡಿದ್ದರು. ಮೈದುನನನ್ನು ಲಾಕಪ್ಪಿಗೆ ಕರೆದೊಯ್ಯುವಾಗ ಎದ್ದು ನಿಂತರು.

"ಮುರಿದಿದ್ದು ಕೆಂಚಮ್ಮನ ಕಾಲು ಕಣೋ," ಎಂದಷ್ಟೇ ಹೇಳಿ, ಕೆಂಚಮ್ಮ ಮಲಗಿದ್ದ ಆಸ್ಪತ್ರೆಯ ಕಡೆ ನಡೆದು ಹೋದರು.