ಕೆಂಪು ಗೀಟಿನ ಎದುರು ಬದಿ

ಫ್ಲಾಸ್ಕಿಗೆ ಪುಡಿ ಐಸು ತುಂಬುತ್ತಿದ್ದೆ. ಅಂಗೈ ಜೋಮು ಹಿಡಿದಿತ್ತು. ತಿರುಮಲೇಶ್ ಸರ್ ಪಕ್ಕದಲ್ಲೇ ನಿಂತು ನೋಡುತ್ತಿದ್ದರು. ಕಂಠದವರೆಗೆ ತುಂಬಿ ಅವರ ಕೈಗೆ ಕೊಟ್ಟೆ.

ಆಗಲೇ ಒಳಗಿನ ಕೋಣೆಯಿಂದ ಸಂಶೋಧನೆ ನಡೆಸುವ ಡಾಕ್ಟರ್ ರಮಾಮಣಿ ಅಕ್ಕನವರ ದನಿ ಬಂತು.

"ಕದಲೇ ಇಲ್ಲ! ಪ್ರಫುಲ್ಲಾ, ಬಾ ಇಲ್ಲಿ. ಒಂದೇ ಒಂದು ಕೋಶ ಕದಲಿಲ್ಲ!"

ಬೈಕುಲ್ಲಾದ ಆ ಸಂಶೋಧನಾಲಯದಲ್ಲಿ ನಾನು ಎರಡು ವರ್ಷದಿಂದ ಗಾಜಿನ ತಟ್ಟೆ ತೊಳೆಯುತ್ತಿದ್ದೆ. ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟವಳು. ಬರುವ ಏಪ್ರಿಲ್‌ಗೆ ಕೆಲಸ ಕಾಯಂ ಆಗುವುದಿತ್ತು. ಅಲ್ಲಿಯ ಸಂಶೋಧನೆ ಏನೆಂದು ನನಗೆ ಯಾರೂ ಹೇಳಿರಲಿಲ್ಲ. ಕೇಳಿ ಕೇಳಿ ತಿಳಿದುಕೊಂಡಿದ್ದೆ. ಗಾಯವಾದಾಗ ಚರ್ಮದ ಕೋಶಗಳು ತೆವಳಿಕೊಂಡು ಹೋಗಿ ಅದನ್ನು ಮುಚ್ಚುತ್ತವೆ. ಅವು ಸುಮ್ಮನೆ ಹೊರಡುವುದಿಲ್ಲ. 'ಈ ಕಡೆ ಬಾ' ಎಂದು ಒಂದು ಪ್ರೋಟೀನು ಕರೆಯಬೇಕು. ಆ ಪ್ರೋಟೀನನ್ನು ಬೇರ್ಪಡಿಸಲು ಅಕ್ಕನವರಿಗೆ ಹದಿನಾಲ್ಕು ತಿಂಗಳು ಹಿಡಿದಿತ್ತು. ಸಿಕ್ಕಿದ್ದು ಒಂದು ಪುಟ್ಟ ಶೀಶೆಯಷ್ಟು.

ಫ್ರೀಜರಿನಲ್ಲಿ ಅಂಥ ಎರಡು ಶೀಶೆ. ಒಂದರಲ್ಲಿ ಪ್ರೋಟೀನು, ಇನ್ನೊಂದರಲ್ಲಿ ಹೋಲಿಸಿ ನೋಡಲು ಬರೀ ಉಪ್ಪುನೀರು. ಅಂಟಿಸಿದ ಚೀಟಿ ಥಂಡಿಗೆ ಉದುರುತ್ತದೆಂದು ಎಲ್ಲರೂ ಮುಚ್ಚಳದ ಬಣ್ಣವನ್ನೇ ನಂಬುತ್ತಿದ್ದರು. ಕೆಂಪು ಪ್ರೋಟೀನಿಗೆ, ಬಿಳಿ ಉಪ್ಪುನೀರಿಗೆ.

ಈಗ ಕೆಂಪು ಮುಚ್ಚಳದ್ದು ಕೋಶಗಳನ್ನು ಕರೆಯುತ್ತಿಲ್ಲ!

ಅರ್ಧ ಗಂಟೆಯಲ್ಲಿ ಭದ್ರತಾ ಅಧಿಕಾರಿ ಶಾಮಣ್ಣನವರು ಬಂದರು. ಮೊದಲು ಪೊಲೀಸಿನಲ್ಲಿ ಬೆರಳಚ್ಚು ನೋಡುತ್ತಿದ್ದವರು. ಕುರ್ಚಿ ಎಳೆದು ಕುಳಿತರು.

"ಫ್ರೀಜರಿನ ಬೀಗದ ಕೈ ಯಾರ ಹತ್ರ?"

"ಮೊಳೆಗೆ ನೇತು ಹಾಕಿರ್ತೀವಿ," ಅಕ್ಕನವರು ಅಂದರು.

"ಅಂದ್ರೆ ಬೀಗ ಶೋಕಿಗೆ! ಈ ಪರೀಕ್ಷೆ ಮಾಡಿದ್ದು ಯಾರು?"

"ಮೈಂ ನೇ — ನಾನೇ," ಅಕ್ಕನವರ ವಿದ್ಯಾರ್ಥಿನಿ ಪ್ರಫುಲ್ಲಾ ತಡವರಿಸಿದರು. ಬಾಂದ್ರಾದಲ್ಲೇ ಹುಟ್ಟಿ ಬೆಳೆದವರು, ಅವರ ಕನ್ನಡ ಅಷ್ಟಕ್ಕಷ್ಟೆ. "ಕಲ್... ನಿನ್ನೆ ಸಂಡೇ, ಯಾರೂ ಇರಲಿಲ್ಲ. ಆದ್ರೆ ನಾನು ಯಾಕೆ ಚೋರಿ ಮಾಡ್ಲಿ, ಅಂಕಲ್? ನಂದೂ ಡಿಗ್ರಿ ಇದರ ಮೇಲೇ ಇದೆ ನಾ!"

"ನೀವು, ತಿರುಮಲೇಶ್?"

"ನಾನು ಇವತ್ತು ಮಧ್ಯಾಹ್ನ ದಾದರಿನಿಂದ ಗಾಡಿ ಹತ್ತೋನು ಸರ್. ಹೊಸ ಕೆಲಸ. ಶುಕ್ರವಾರವೇ ಇಲ್ಲಿಯ ಕೆಲಸ ಎಲ್ಲಾ ಒಪ್ಪಿಸಿಬಿಟ್ಟೆ. ಇವತ್ತು ಬೆಳಿಗ್ಗೆ ನೆನಪಿಗೆ ಅಂತ ಆ ಬಿಳಿ ಮುಚ್ಚಳದ ಉಪ್ಪುನೀರು ಕೇಳ್ದೆ. ಮೇಡಂ ನಕ್ಕು, ತಗೊಂಡು ಹೋಗಪ್ಪ ಅಂದ್ರು." ಆಮೇಲೆ ನನ್ನತ್ತ ನೋಡಿದರು. "ಇವಳನ್ನ ಯಾಕೆ ಕೇಳಲ್ಲ? ಶನಿವಾರ ಫ್ರೀಜರ್ ತೊಳೆದಿದ್ದು ಇವಳೇ. ಕೊಳಕು ಅಂತ ಶೀಶೆಯನ್ನೂ ತೊಳೆದು ನೀರು ತುಂಬಿಟ್ಟಿರ್ತಾಳೆ. ಓದಿಲ್ಲ, ಬರೆದಿಲ್ಲ, ಪಾಪ!"

ಎಲ್ಲರ ಕಣ್ಣೂ ನನ್ನ ಮೇಲೆ.

"ನಿಜವೇನೇ, ಚಂದ್ರವ್ವ?" ಅಕ್ಕನವರು ಕೇಳಿದರು.

"ಇಲ್ರಿ ಅಕ್ಕಾರ. ನಾ ಶೀಶೆ ಮುಟ್ಟಿಲ್ರಿ."

ಅವರು ನಂಬಲಿಲ್ಲ. ಆಫೀಸಿಗೆ ದೂರಿನ ಕಾಗದ ಬರೆಯತೊಡಗಿದರು. ನನ್ನ ಹೆಸರಿನ ಅಕ್ಷರ ನನಗೆ ಗುರುತು ಸಿಗುತ್ತದೆ. ಮೊದಲ ಸಾಲಿನಲ್ಲೇ ಇತ್ತು.

ತಟ್ಟೆ ತೊಳೆಯುವ ಮೋರಿಯ ಹತ್ತಿರ ಹೋಗಿ ನಿಂತೆ. ಪ್ರಫುಲ್ಲಾ ಪರೀಕ್ಷೆ ಮಾಡಿದ್ದ ತಟ್ಟೆಯನ್ನು ತೊಳೆಯಲು ಹಾಕಿದ್ದರು. ಕೈಗೆತ್ತಿಕೊಂಡವಳು ನಲ್ಲಿ ತಿರುಗಿಸಲಿಲ್ಲ.

ಇಂಥ ನೂರಾರು ತಟ್ಟೆ ತೊಳೆದಿದ್ದೇನೆ. ಒಳಗೆ ಗಟ್ಟಿ ಗಂಜಿಯಂಥ ಪದರ, ಅದರಲ್ಲಿ ಸಾಲಾಗಿ ಮೂರು ತೂತು. ನಡುವೆ ಕೋಶ, ಒಂದು ಪಕ್ಕ ಪ್ರೋಟೀನು, ಇನ್ನೊಂದು ಪಕ್ಕ ಉಪ್ಪುನೀರು. ಪ್ರೋಟೀನಿನ ಪಕ್ಕಕ್ಕೆ ಅಂಚಿನಲ್ಲಿ ಕೆಂಪು ಪೆನ್ಸಿಲ್ಲಿನ ಗೀಟು. ಕೊನೆಗೆ ನೇರಳೆ ಬಣ್ಣ ಹಾಕಿದರೆ, ನಡುವಿನ ತೂತಿನಿಂದ ಗೀಟಿನ ಕಡೆಗೆ ನೇರಳೆ ಬಾಲ ಹರಡಿರುತ್ತದೆ. ಬರಿಗಣ್ಣಿಗೇ ಕಾಣುತ್ತದೆ.

ಈ ತಟ್ಟೆಯಲ್ಲೂ ಬಾಲವಿತ್ತು.

ತಟ್ಟೆಯನ್ನು ಒಯ್ದು ಶಾಮಣ್ಣನವರ ಮುಂದಿಟ್ಟೆ. "ಸಾಹೇಬ್ರ, ಬಾಲ ಉಲ್ಟಾ ಐತ್ರಿ."

ಶಾಮಣ್ಣನವರು ಅದನ್ನು ಬೆಳಕಿಗೆ ಹಿಡಿದರು. ಒಮ್ಮೆ ನನ್ನನ್ನು, ಒಮ್ಮೆ ತಟ್ಟೆಯನ್ನು ನೋಡಿದರು.

"ಡಾಕ್ಟ್ರೇ, ನೀವು ಸೂಕ್ಷ್ಮದರ್ಶಕದಲ್ಲಿ ಯಾವ ಕಡೆ ನೋಡಿದ್ರಿ?"

"ಗೀಟಿನ ಕಡೆ."

"ಎದುರು ಬದಿ?"

ಅಕ್ಕನವರ ಲೇಖನಿ ನಿಂತಿತು. "ಅಲ್ಲೇನಿರುತ್ತೆ? ಉಪ್ಪುನೀರು. ಎರಡು ವರ್ಷದಿಂದ ಆ ಕಡೆ ಒಂದೂ ಹೋಗಿಲ್ಲ. ನೋಡೋದನ್ನೇ ಬಿಟ್ಟಿದ್ದೆ."

"ಇವತ್ತು ಹೋಗಿವೆ. ಕೋಶಗಳು ಸುಳ್ಳು ಹೇಳಲ್ಲ, ಕರೆದ ಕಡೆಗೆ ಹೋಗ್ತವೆ. ಅಂದ್ರೆ ನಿಮ್ಮ ಪ್ರೋಟೀನು ಬಿಳಿ ಮುಚ್ಚಳದ ಶೀಶೆಯಲ್ಲಿದೆ. ಯಾರೋ ಮುಚ್ಚಳ ಅದಲು ಬದಲು ಮಾಡಿದ್ದಾರೆ."

"ಹಾಗಾದ್ರೆ ಇವಳೇ!" ತಿರುಮಲೇಶ್ ಸರ್ ಕೂಗಿದರು. "ತೊಳೆಯುವಾಗ ತಪ್ಪಾಗಿ ಹಾಕಿಟ್ಟಿದ್ದಾಳೆ!"

"ಇರಬಹುದು," ಶಾಮಣ್ಣನವರು ನಿಧಾನವಾಗಿ ಅಂದರು. "ಡಾಕ್ಟ್ರೇ, ಉಪ್ಪುನೀರು ಹೊರಗಿಟ್ಟರೆ ಕೆಡುತ್ತಾ?"

"ಇಲ್ಲ. ಜೋಡಿ ಅಂತ ಫ್ರೀಜರಿನಲ್ಲಿಡ್ತೀವಿ ಅಷ್ಟೆ. ಪ್ರೋಟೀನಾದ್ರೆ ಎರಡು ತಾಸೂ ಉಳಿಯಲ್ಲ."

"ಚಂದ್ರವ್ವ, ಸರ್ ಕೈಲಿರೋ ಫ್ಲಾಸ್ಕು ಯಾಕಷ್ಟು ಬೆವರ್ತಿದೆ?"

"ಮುಂಜಾನೆ ಸರ್ ಐಸ್ ತುಂಬು ಅಂದ್ರು. ತುಂಬೀನ್ರಿ. ಕಂಠಮಟ."

ಶಾಮಣ್ಣನವರು ಫ್ಲಾಸ್ಕಿನತ್ತ ಬೆರಳು ತೋರಿದರು.

"ಬಿಳಿ ಮುಚ್ಚಳದ್ದು ಬರೀ ಉಪ್ಪುನೀರು ಅಂತ ನಂಬಿದೋರು ಅದಕ್ಕೆ ಐಸು ತುಂಬಿಸಲ್ಲ, ತಿರುಮಲೇಶ್. ಅದರಲ್ಲಿ ಏನಿದೆ ಅಂತ ನಿಮಗೊಬ್ಬರಿಗೇ ಗೊತ್ತಿತ್ತು. ಮುಚ್ಚಳ ಬದಲಿಸಿದ್ದು ನೀವು. ಮೇಡಂ ಅವರಿಂದಲೇ ಅಪ್ಪಣೆ ತಗೊಂಡು ಅವರದನ್ನೇ ಹೊರಗೆ ಸಾಗಿಸೋ ಉಪಾಯ. ಭಾನುವಾರ ಪ್ರಫುಲ್ಲಾ ಬಂದು ಪರೀಕ್ಷೆ ಮಾಡ್ತಾಳೆ ಅಂತ ಅಂದ್ಕೊಂಡಿರಲಿಲ್ಲ, ಅಲ್ವಾ?"

ತಿರುಮಲೇಶ್ ಸರ್ ಬಾಗಿಲತ್ತ ನೋಡಿದರು. ಶಾಮಣ್ಣನವರು ಅವರ ಮೊಳಕೈ ಹಿಡಿದುಕೊಂಡರು. ಫ್ಲಾಸ್ಕು ಬಿಚ್ಚಿದರೆ ಐಸಿನ ನಡುವೆ ಬಿಳಿ ಮುಚ್ಚಳ.

"ಆ ಹೊಸ ಕೆಲಸಕ್ಕೆ ಕೈ ಬೀಸಿಕೊಂಡು ಹೋದ್ರೆ ಯಾರು ಕೇಳ್ತಾರೆ ನನ್ನ..." ಅವರು ಗೊಣಗಿದ್ದು ಅಷ್ಟೇ.

ಆಮೇಲೆ ಗಡಿಬಿಡಿ. ಶಾಮಣ್ಣನವರು ಅವರನ್ನು ಕರೆದುಕೊಂಡು ಹೋದರು. ಪ್ರಫುಲ್ಲಾ ಡೈರೆಕ್ಟರಿಗೆ ಫೋನು ತಿರುಗಿಸುತ್ತಾ ನಗುವುದೂ ಅಳುವುದೂ ಒಟ್ಟಿಗೆ ನಡೆಸಿದ್ದರು. ಅಕ್ಕನವರು ಶೀಶೆಯನ್ನು ಫ್ರೀಜರಿನಲ್ಲಿಟ್ಟು, ಬೀಗ ಹಾಕಿ, ಕೀಲಿಯನ್ನು ಸೆರಗಿಗೆ ಕಟ್ಟಿಕೊಂಡು ಸೂಕ್ಷ್ಮದರ್ಶಕದ ಮುಂದೆ ಕುಳಿತರು. ಈ ಸಲ ಎದುರು ಬದಿ ನೋಡುತ್ತಿದ್ದರು. "ಎಷ್ಟೊಂದು ಬಂದಿವೆ, ಎಷ್ಟೊಂದು!"

ಮೇಜಿನ ಮೇಲೆ ಕಾಗದ ಹಾಗೇ ಇತ್ತು. ನನ್ನ ಹೆಸರು ಮೊದಲ ಸಾಲಿನಲ್ಲೇ ಇತ್ತು.

ಕೈ ಒರೆಸಿಕೊಂಡು ಹತ್ತಿರ ಹೋದೆ. ಅಕ್ಕನವರು ತಲೆ ಎತ್ತಲಿಲ್ಲ. ಒಮ್ಮೆ ಕೇಳಿದೆ. ಸ್ವಲ್ಪ ಹೊತ್ತು ನಿಂತು, ತುಸು ಜೋರಾಗಿ ಇನ್ನೊಮ್ಮೆ ಕೇಳಿದೆ.

"ಅಕ್ಕಾರ, ಆ ಕಾಗದ ಹರದ ಹಾಕ್ರಿ."